ಗೊಬ್ಬರದ ಲೋಡ್ ಇಳಿಸಿಕೊಳ್ಳುವ ಮುಂಚೆ ಇದನ್ನು ಕೇಳಿಸಿಕೋ ಪುಟ್ಟಿ

ಪುಟ್ಟಿ, ನಮ್ಮ ಮನೆಯವರ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜ್ ಈಗ ನೋಡಿದೆ. ಫೋನ್ ಚಾರ್ಜಿಗೆ ಹಾಕಿ ಮರೆತೇಬಿಟ್ಟಿದ್ದೆ. ಯುಗಾದಿ ಆದ ಮೇಲಿನ ಭಾನುವಾರ ನಿಮ್ಮ ಲೇಔಟ್ ಪಾರ್ಕಿನಲ್ಲಿ ಕೈತೋಟದ ಗುಂಪಿನವರೆಲ್ಲ ಸೇರುತ್ತಾರೆ, ತರಕಾರಿ ಮಡಿ ಮಾಡೋದಿದೆ, ಬೀಜ ಹಂಚಿಕೆ ಇದೆ, ಗೊಬ್ಬರದ ಪಾಠ ಇದೆ, ನಾಳಿದ್ದು ಬರುವ ಗೊಬ್ಬರದ ಲೋಡ್ ಇಳಿಸಿಕೊಳ್ಳುವ ಕೆಲಸ ಹೊಸಬಳಾದ ನನಗೇ ಹಚ್ಚಿದ್ದಾರೆ, ನನಗೇನೂ ಗೊತ್ತಿಲ್ಲ ದೊಡ್ಡಮ್ಮ, ಗಿಡ ಸತ್ತರೆ ನನ್ನ ತಲೆಗೆ ಕಟ್ಟುತ್ತಾರೆ, ಒಪ್ಪಿಕೊಳ್ಳಲಾ ಬಿಡಲಾ, ಚಿನ್ನುವನ್ನೂ ಕರೆದುಕೊಂಡು ಹೋಗಬಹುದಾ, ಇಷ್ಟು ತಾನೆ ನೀನು ಕೇಳಿದ್ದು? ಅದಕ್ಕೆ ನಿಮ್ಮ ತುಮಕೂರಿನ ಮಾವ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾಗಿದ್ದಾರೆ. ಅವರು ಎಲ್ಲದಕ್ಕೂ ಅದನ್ನೇ ಹಾಕೋದು. ನನಗೆ ಟೈಪ್ ಮಾಡೋಕೆ ಕನ್ನಡಕ ಹುಡುಕಬೇಕು, ಅದಕ್ಕೆ ಮಾತಾಡಿಯೇ ಹೇಳುತ್ತೇನೆ. ಉದ್ದ ಆಗುತ್ತೆ, ಕೆಲಸ ಮಾಡಿಕೊಂಡು ಕೇಳು.

ಮೊದಲನೇ ಮಾತು. ಹಸಿ ಗೊಬ್ಬರ ಇಳಿಸಿಕೊಳ್ಳಬೇಡ. ಯಾರು ಏನೇ ಹೇಳಲಿ, ಎಷ್ಟೇ ಅಗ್ಗ ಆಗಲಿ, ಕಳಿಯದ ಗೊಬ್ಬರವನ್ನು ಮಡಿಗೆ ಹಾಕೋಕೆ ಬಿಡಬೇಡ.

ನಮ್ಮ ಬೀದಿ ಕೊನೆಯ ಪಾರ್ಕ್ ನಿನಗೆ ಗೊತ್ತಲ್ವಾ, ರಜೆಗೆ ಮೈಸೂರಿಗೆ ಬಂದಾಗ ಜಾರುಬಂಡೆಯಿಂದ ಬಿದ್ದು ಹಲ್ಲು ಮುರಿದುಕೊಂಡೆಯಲ್ಲ, ಅದೇ. ಅಲ್ಲಿ ನಾವೊಂದಷ್ಟು ಜನ ಸೇರಿಕೊಂಡು ತರಕಾರಿ ಮಡಿ ಮಾಡುತ್ತಿದ್ದೆವು. ರಿಟೈರ್ ಆದ ಮೇಷ್ಟ್ರು, ಬ್ಯಾಂಕಿನವರು, ಮೂಲೆಮನೆ ಹಾಲಿನಮ್ಮ, ನಾನು, ನಿಮ್ಮ ದೊಡ್ಡಪ್ಪ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತಲ್ಲ, ಆಮೇಲೆ ಅಗೆತ ಶುರು. ಅಶ್ವಿನಿ ಮಳೆ ಹನಿಯುವ ಹೊತ್ತಿಗೆ ಬಳ್ಳಿಗಳು ನಾಲ್ಕೆಲೆ ಬಿಟ್ಟಿರಬೇಕು ಅನ್ನೋದು ನಮ್ಮ ಲೆಕ್ಕ. ಚೆನ್ನಾಗೇ ನಡೆಯುತ್ತಿತ್ತು. ಆಮೇಲೆ ಗುಂಪಿಗೆ ಒಬ್ಬರು ಹೊಸ ಮುಖ್ಯಸ್ಥರು ಬಂದರು. ಹೆಸರು ಬೇಡ, ಈ ಮನೆಯವರ ಗ್ರೂಪಿನಲ್ಲಿ ಅವರ ಕಡೆಯವರೂ ಇದ್ದಾರೆ. ಯಾರೋ ದೊಡ್ಡವರು ಅತಿಥಿಯಾಗಿ ಬರುತ್ತಾರೆ, ಶಾಲೆ ಮಕ್ಕಳ ಕೈಯಲ್ಲಿ ಸಸಿ ನೆಡಿಸೋಣ ಅಂತ ಹೇಳಿ, ಎಲ್ಲಿಂದಲೋ ಒಂದು ಟ್ರ್ಯಾಕ್ಟರ್ ಗೊಬ್ಬರ ತರಿಸಿದರು. ಅರ್ಧ ಬೆಲೆಗೆ ಸಿಕ್ಕಿತು ಅಂತ ಖುಷಿಯೋ ಖುಷಿ.

ನಾನು ಗುದ್ದಲಿ ಹಾಕಿ ಒಂದು ಪದರ ಎಬ್ಬಿಸಿದೆ ನೋಡು, ಒಳಗಿಂದ ಹಬೆ ಬಂತು. ಬೆಳಗ್ಗೆ ತಂಪು ಹೊತ್ತು, ಹಬೆ ಕಣ್ಣಿಗೆ ಕಾಣುತ್ತಿತ್ತು. ಸಗಣಿ ಉಂಡೆ ಉಂಡೆಯಾಗೇ ಇತ್ತು, ಹುಲ್ಲಿನ ಎಳೆ ಹಾಗೇ ಎಣಿಸಬಹುದಿತ್ತು, ಮೂಗು ಹತ್ತಿರ ತಂದರೆ ಕಣ್ಣು ಉರಿ. ಕೈ ತೂರಿಸಿದೆ, ಹಿಡಿದುಕೊಳ್ಳೋಕೆ ಆಗಲಿಲ್ಲ, ಅಷ್ಟು ಬಿಸಿ. ನಾನು ಹೇಳಿದೆ, ಇದನ್ನು ಮೂಲೆಗೆ ಗುಡ್ಡೆ ಹಾಕಿ, ಮಳೆಗಾಲಕ್ಕೆ ಆಗುತ್ತೆ, ಈಗ ಬೇಡ ಅಂತ. "ಅಮ್ಮ, ಗೊಬ್ಬರ ಗೊಬ್ಬರವೇ, ನೀವು ಸುಮ್ನೆ ಟೆನ್ಷನ್ ಮಾಡಿಕೊಳ್ಳಬೇಡಿ" ಅಂದರು. ಅಷ್ಟೂ ಗೊಬ್ಬರವನ್ನು ಮಡಿಗೆ ಸುರಿದರು. ಮಕ್ಕಳು ಬದನೆ, ಟೊಮೆಟೊ ಸಸಿ ನೆಟ್ಟರು. ಫೋಟೋ ಆಯಿತು, ಪಾನಕ ಕೋಸಂಬರಿ ಆಯಿತು, ಎಲ್ಲರೂ ಮನೆಗೆ ಹೋದರು.

ವಾರ ಕಳೆಯಲಿಲ್ಲ. ಎಲೆಯ ಅಂಚು ಕೆಂಡದ ಮೇಲಿಟ್ಟ ಹಪ್ಪಳದ ಹಾಗೆ ಮುದುಡಿಕೊಂಡಿತು. ಒಂದು ಸಸಿ ಕಿತ್ತು ನೋಡಿದೆ, ಬೇರು ಬೆಳ್ಳಗಿರಬೇಕಲ್ವಾ, ಕಂದು ಬಣ್ಣಕ್ಕೆ ತಿರುಗಿ ಜೋತುಬಿದ್ದಿತ್ತು. ಗೊಬ್ಬರ ಕಳಿಯುವಾಗ ಗುಡ್ಡೆಯ ಒಳಗೆ 55ರಿಂದ 60 ಡಿಗ್ರಿ ತನಕ ಕಾವು ಏರುತ್ತೆ. ಗುಡ್ಡೆಯಲ್ಲಿ ಅದು ಒಳ್ಳೆಯದೇ, ಕಳೆಬೀಜ ಸಾಯುತ್ತೆ, ರೋಗದ ಕ್ರಿಮಿ ಸಾಯುತ್ತೆ. ಮಡಿಯಲ್ಲಿ ತೆಳ್ಳಗೆ ಹರಡಿದರೆ ಅಷ್ಟು ಕಾವು ಇರೋದಿಲ್ಲ, ಆದರೆ ಒಳಗಿರುವ ಅಮೋನಿಯಾ, ಉಪ್ಪಿನಂಶ ಎಲ್ಲ ನೇರವಾಗಿ ಎಳೆ ಬೇರಿಗೇ ತಗಲುತ್ತೆ. ಉಳಿದ ನಾಲ್ಕಾರು ಸಸಿ ಚಿಗುರಿಕೊಂಡವು ಅಂತ ಸಮಾಧಾನ ಮಾಡಿಕೊಂಡರೆ ಅವೂ ಒಂದೊಂದೇ ಬಾಡೋಕೆ ಶುರು. ಬುಡ ಕೆದಕಿದರೆ ಗೊಣ್ಣೆ ಹುಳು! ಹೆಬ್ಬೆರಳು ಗಾತ್ರ, ಬೆಳ್ಳಗೆ, ಮೈ ಬಾಗಿಸಿಕೊಂಡು ಮಲಗಿದ್ದವು, ತಲೆ ಮಾತ್ರ ಕೆಂಚು. ದುಂಬಿಗಳು ತಿಪ್ಪೆಯಲ್ಲೇ ಮೊಟ್ಟೆ ಇಡೋದು, ಹಸಿ ಗೊಬ್ಬರದ ಜೊತೆ ಅವುಗಳ ಸಂಸಾರವೂ ನಮ್ಮ ಮಡಿಗೆ ಬಂದು ಇಳಿದಿತ್ತು. ಹಾಲಿನಮ್ಮ ಹೆಕ್ಕಿ ಹೆಕ್ಕಿ ಕೋಳಿಗೆ ಹಾಕಿದಳು. ಕೋಳಿಗೆ ಹಬ್ಬ.

ಮಡಿ ಹಾಳಾಗಿದ್ದು ಹೋಗಲಿ. ಸಭೆಯಲ್ಲಿ ಎಲ್ಲರ ಮುಂದೆ ಆ ಮನುಷ್ಯ ಏನು ಹೇಳಬೇಕು? "ನೀರಿನ ಪಾಳಿ ಅಮ್ಮನವರದ್ದಿತ್ತು, ಸರಿಯಾಗಿ ಹಾಕಿಲ್ಲ ಅನಿಸುತ್ತೆ." ನಾನು! ಮೊಣಕಾಲು ನೋವಿಟ್ಟುಕೊಂಡು ಬೆಳಗ್ಗೆ ಸಂಜೆ ಕೊಡ ಹೊತ್ತವಳು ನಾನು. ನಿಮ್ಮ ದೊಡ್ಡಪ್ಪ ಪಕ್ಕದಲ್ಲೇ ಕೂತಿದ್ದರು, ಒಂದು ಮಾತು ಆಡಲಿಲ್ಲ, ಬಿಸ್ಕತ್ತು ತಿನ್ನುತ್ತಿದ್ದರು. ಈಗಲೂ ಕೇಳಿದರೆ "ಅದು ಹಳೆ ಕತೆ ಬಿಡೆ" ಅನ್ನುತ್ತಾರೆ.

ಅದಕ್ಕೇ ಇನ್ನೊಂದು ಸಲ ಹೇಳುತ್ತಿದ್ದೇನೆ ಪುಟ್ಟಿ, ಹಸಿ ಗೊಬ್ಬರ ಇಳಿಸಿಕೊಳ್ಳಬೇಡ. ತಲೆಗೆ ಕಟ್ಟುತ್ತಾರೆ ಅಂತ ನೀನು ಹೆದರಿದ್ದು ಸುಳ್ಳಲ್ಲ. ತಂದವರನ್ನು ಯಾರೂ ಕೇಳಲ್ಲ, ನೀರು ಹಾಕಿದವರನ್ನೇ ಕೇಳೋದು.

ಈ ಕೈತೋಟದ ಗುಂಪುಗಳೇ ಹೀಗೆ. ನೆಡೋ ದಿನ ಐವತ್ತು ಜನ, ನೀರು ಹಾಕೋ ದಿನ ಇಬ್ಬರು. ಈಗ ಇನ್ನೊಂದು ಶುರುವಾಗಿದೆ, ಕಾರ್ಯಾಗಾರ ಅಂತೆ. ಫೋನಿನಲ್ಲಿ ನೋಡಿ ಕಲಿತ ಹುಡುಗ ನಿಂತು ಜೀವಾಮೃತ, ಅದೇ ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿ ಗಿಡಕ್ಕೆ ಹಾಕುವ ನೀರು, ಅದನ್ನು ಹೇಳಿಕೊಡುತ್ತಾನೆ, ನಾವು ವಯಸ್ಸಾದವರು ಮಜ್ಜಿಗೆ ಹಂಚಬೇಕು. ಅವನಿಗೆ ಬೆಲ್ಲ ಎಷ್ಟು ಅಂತ ಗೊತ್ತು, ದ್ವಿದಳ ಧಾನ್ಯದ ಹಿಟ್ಟು ಯಾಕೆ ಅಂತ ಕೇಳಿದರೆ ನೆಟ್‌ವರ್ಕ್ ಹೋಗುತ್ತೆ.

ಬೀಜ ಹಂಚಿಕೆ ಅಂದೆಯಲ್ಲ, ಅದರ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಉಡುಪಿಗೆ ಹೋದಾಗ ಮಟ್ಟು ಗುಳ್ಳದ ಬೀಜ ಎಷ್ಟು ಕಷ್ಟಪಟ್ಟು ತಂದಿದ್ದೆ. ಆ ದುಂಡು ಹಸಿರು ಬದನೆ, 2011ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು, ಇದು ಆ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು. ಮಟ್ಟುವಿನ ಮಣ್ಣಿನ ರುಚಿ ನಮ್ಮ ಮೈಸೂರು ಮಣ್ಣಿನಲ್ಲಿ ಬರಲಿಲ್ಲ, ಅದು ಬೇರೆ ಮಾತು, ಆದರೂ ಹುಳಿ ಚೆನ್ನಾಗಿ ಆಗುತ್ತಿತ್ತು. ಜಯನಗರದ ಚಿಕ್ಕಮ್ಮ ಬಂದಳು, ಅಕ್ಕ ಒಂದು ಚಿಟಿಕೆ ಕೊಡು ಅಂದಳು, ಕಾಗದ ಸುತ್ತಿ ಕೊಟ್ಟೆ. ಹೋಗುತ್ತಾ ಎರಡು ಕರಿಬೇವಿನ ಸಸಿಯನ್ನೂ ಎತ್ತಿಕೊಂಡು ಹೋದಳು, ಮಣ್ಣಿನ ಕುಂಡದ ಸಮೇತ. ಮುಂದಿನ ವರ್ಷ ನನ್ನ ಬೀಜಕ್ಕೆ ಹುಳ ಬಿತ್ತು, ಒಂದಿಷ್ಟು ವಾಪಸ್ ಕೊಡು ಅಂದರೆ "ಅಯ್ಯೋ ಅಕ್ಕ, ಎಲ್ಲ ಕಾಯಿ ಎಳೆಯದಾಗೇ ತಿಂದುಬಿಟ್ಟೆವು" ಅಂದಳು. ಬೀಜಕ್ಕೆ ಅಂತ ಒಂದು ಕಾಯಿ ಗಿಡದಲ್ಲೇ ಹಳದಿಯಾಗುವ ತನಕ ಬಿಡಬೇಕು ಅಂತ ಗೊತ್ತಿಲ್ಲವಾ ಅವಳಿಗೆ? ನಮ್ಮಮ್ಮ ಇಬ್ಬರಿಗೂ ಒಟ್ಟಿಗೇ ಹೇಳಿಕೊಟ್ಟಿದ್ದು. ಕುಂಡದ ವಿಷಯ ನಾನು ಎತ್ತಲೇ ಇಲ್ಲ. ಈ ಗ್ರೂಪಿನಲ್ಲೇ ಇದ್ದಾಳೆ, ಕೇಳಿಸಿಕೊಳ್ಳಲಿ.

ನೀನು ಭಾನುವಾರ ಬೀಜ ತಂದರೆ ಯಾರಿಂದ ತಂದೆ, ಯಾವ ತಳಿ ಅಂತ ಪೊಟ್ಟಣದ ಮೇಲೆ ಬರೆದಿಡು. ವಾಪಸ್ ಕೊಡೋವಾಗ ಮರ್ಯಾದೆ ಇರುತ್ತೆ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಹೇಳಲಿಲ್ಲ ನೋಡು. ಕೆಲಸ ಒಪ್ಪಿಕೋ. ಗೊಬ್ಬರ ಕಳಿತಿದೆಯಾ ಇಲ್ಲವಾ ನೋಡೋದು ಏನೂ ಕಷ್ಟ ಇಲ್ಲ. ಮೇಲಿನದನ್ನು ನೋಡಬೇಡ, ಗುಡ್ಡೆಯ ಮಧ್ಯಕ್ಕೆ ಮೊಣಕೈ ತನಕ ಕೈ ಹಾಕು, ಗ್ಲೌಸ್ ಹಾಕಿಕೊಂಡೇ. ತಣ್ಣಗಿರಬೇಕು. ಒಂದು ಹಿಡಿ ತೆಗೆದು ಮೂಸು, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು. ಬಣ್ಣ ಕಪ್ಪು, ಪುಡಿ ಪುಡಿ, ಇದು ಹುಲ್ಲು ಇದು ಸಗಣಿ ಅಂತ ಗುರುತು ಸಿಗಬಾರದು. ಹಿಂಡಿದರೆ ನೀರು ಸುರಿಯಬಾರದು. ಅನುಮಾನ ಇದ್ದರೆ ಮೂಲಂಗಿ ಬೀಜ ಹತ್ತಿಪ್ಪತ್ತು ಅದರಲ್ಲೇ ಹಾಕಿ ಒದ್ದೆ ಮಾಡಿಡು, ಪಕ್ಕದಲ್ಲಿ ಬರೀ ಮಣ್ಣಿನಲ್ಲೂ ಅಷ್ಟೇ ಹಾಕು. ಮೂರು ನಾಲ್ಕು ದಿನದಲ್ಲಿ ಮೊಳಕೆ ಬರುತ್ತೆ. ಮಣ್ಣಿನಲ್ಲಿ ಬಂದು ಗೊಬ್ಬರದಲ್ಲಿ ಬರದಿದ್ದರೆ ಅದು ಇನ್ನೂ ಆಗಿಲ್ಲ ಅಂತಲೇ ಲೆಕ್ಕ.

ಬಿಸಿ ಇದ್ದರೆ ವಾಪಸ್ ಕಳಿಸು. ದುಡ್ಡು ಕೊಟ್ಟಾಗಿದೆ, ಕಳಿಸೋಕೆ ಆಗಲ್ಲ ಅಂದರೆ ನೆರಳಿನ ಮೂಲೆಗೆ ಗುಡ್ಡೆ ಹಾಕಿಸು, ನೀರು ಚಿಮುಕಿಸಿ ಒಣ ಎಲೆ ಮುಚ್ಚು, ವಾರ ಹತ್ತು ದಿನಕ್ಕೊಮ್ಮೆ ತಿರುವಿ ಹಾಕಿ. ಈಗ ಹೇಗೂ ಮರಗಳೆಲ್ಲ ಎಲೆ ಉದುರಿಸಿವೆ, ಗುಡಿಸಿ ಬೆಂಕಿ ಹಚ್ಚೋಕೆ ಮಾತ್ರ ಯಾರಿಗೂ ಬಿಡಬೇಡ, ಅದೇ ಮುಚ್ಚಿಗೆ. ಭಾನುವಾರದ ಮಡಿಗೆ ಎರೆಗೊಬ್ಬರ ಒಂದೆರಡು ಚೀಲ ತರಿಸಿ, ಗುಣಿಗೆ ಒಂದು ಹಿಡಿ ಸಾಕು.

ಏನು ಹಾಕಬೇಕು ಅಂತ ಅವರು ಕೇಳಿದರೆ ಕೋಸು, ಕ್ಯಾರೆಟ್ ಅಂತ ಹೇಳಿಬಿಡಬೇಡ, ಬಿಸಿಲಿಗೆ ಆಗಲ್ಲ. ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಸೋರೆ, ಹಾಗಲ. ದಂಟು, ಹರಿವೆ ಎರಚಿದರೆ ತಿಂಗಳೊಳಗೆ ಸೊಪ್ಪು. ಬಳ್ಳಿ ಬೀಜವನ್ನು ನೇರ ಗುಣಿಗೇ ಹಾಕಬೇಕು, ಬೇರು ಅಲುಗಾಡಿದರೆ ಅವಕ್ಕೆ ಕೋಪ. ಬೆಂಡೆ ಬೀಜ ರಾತ್ರಿ ನೆನೆಸಿಡು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಸಿಕ್ಕರೆ ತಗೋ, ಎಲೆಯ ನರ ಹಳದಿಯಾಗುವ ರೋಗ ತಡೆಯಲಿ ಅಂತಲೇ ಮಾಡಿದ ತಳಿ ಅದು. ಗೊಬ್ಬರದ ಪಾಠ ಸರಿಯಾಗಿ ಬೇಕು ಅಂದರೆ ನಿಮ್ಮ ಬೆಂಗಳೂರಿನಲ್ಲೇ ಎಚ್‌ಎಸ್‌ಆರ್ ಲೇಔಟಿನಲ್ಲಿ ಸ್ವಚ್ಛಗ್ರಹ ಕಲಿಕಾ ಕೇಂದ್ರ ಇದೆ, ಮನೆ ಕಸದಿಂದ ಗೊಬ್ಬರ ಮಾಡುವ ಬೇರೆ ಬೇರೆ ವಿಧಾನ ಕಣ್ಣಾರೆ ನೋಡಬಹುದು. ಗುಂಪಿನವರನ್ನೆಲ್ಲ ಒಂದು ಶನಿವಾರ ಅಲ್ಲಿಗೆ ಎಳೆದುಕೊಂಡು ಹೋಗು. ಆ ಫೋನಿನ ಹುಡುಗನನ್ನು ಮೊದಲು.

ಚಿನ್ನುವನ್ನು ಖಂಡಿತ ಕರೆದುಕೊಂಡು ಹೋಗು. ಚಪ್ಪಲಿ ಬೇಡ, ಶೂ ಹಾಕಿಸು, ಕುಂಡ ಎತ್ತಿದಲ್ಲಿ ಚೇಳು ಇರಬಹುದು. ಗೊಬ್ಬರ ಮುಟ್ಟಿದ ಕೈಯಲ್ಲಿ ಚಕ್ಕುಲಿ ತಿನ್ನೋಕೆ ಬಿಡಬೇಡ. ಟಿಟಿ ಇಂಜೆಕ್ಷನ್ ಆಗಿದೆಯಾ ನೋಡು, ನಿನ್ನದೂ. ಸೋರೆ ಹೂ ಬಿಟ್ಟ ಮೇಲೆ ಒಂದು ಸಂಜೆ ಅವನನ್ನು ನಿಲ್ಲಿಸಿ ತೋರಿಸು, ಬಿಳಿ ಹೂ ಸಂಜೆಗೇ ಅರಳೋದು, ಬುಡದಲ್ಲಿ ಪುಟ್ಟ ಕಾಯಿ ಇರೋದು ಹೆಣ್ಣು ಹೂ, ಗಂಡು ಹೂವಿನ ಪುಡಿ ತಂದು ಮೆತ್ತಗೆ ಸವರಿದರೆ ಕಾಯಿ ನಿಲ್ಲುತ್ತೆ. ಮೊದಮೊದಲು ಬರೋದೆಲ್ಲ ಗಂಡು ಹೂವೇ, ಕಾಯಿ ಇಲ್ಲ ಅಂತ ಗಾಬರಿ ಬೀಳಬೇಡ.

ನೀರಿನ ವಿಷಯ ಮೊದಲೇ ಮಾತಾಡಿಕೊಳ್ಳಿ. 2024ರ ಮಾರ್ಚಿನಲ್ಲಿ ನಿಮ್ಮ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂದಿತ್ತು, ನೆನಪಿದೆಯಲ್ವಾ. ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು ಬಕೆಟ್ಟಿನಲ್ಲಿ ಹಿಡಿದಿಟ್ಟು ತರಲಿ ಎಲ್ಲರೂ. ನೀರಿನ ಪಾಳಿಯನ್ನು ಹೆಸರು ಹಾಕಿ ಬರೆದು ಗುಂಪಿಗೆ ಕಳಿಸು, ಯಾರು ಬಂದರು ಯಾರು ಬರಲಿಲ್ಲ ಅಂತ ಎಲ್ಲರಿಗೂ ಕಾಣಲಿ.

ನಾಳಿದ್ದು ಲೋಡ್ ಬಂದ ತಕ್ಷಣ ವಿಡಿಯೊ ಕಾಲ್ ಮಾಡು, ಗಾಡಿಯಿಂದ ಇಳಿಸುವ ಮುಂಚೆ. ಎರಡರಿಂದ ಮೂರೂವರೆ ತನಕ ಮಾತ್ರ ಬೇಡ, ಮಲಗಿರುತ್ತೇನೆ. ಆಗಲೇ ಬಂದರೆ ದೊಡ್ಡಪ್ಪನ ನಂಬರಿಗೆ ಮಾಡು, ಅವರು ಎಬ್ಬಿಸುತ್ತಾರೆ.