ಅಪ್‌ಡೇಟ್: ತೋಟದಲ್ಲಿ ಹಕ್ಕಿ ಫೋಟೋಗೆ ಮರೆಗೂಡಾರ

ಮಡಿಕೇರಿ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಹಕ್ಕಿಗಳ ಫೋಟೋ ತೆಗೆಯಲು, ಒಳಗೆ ಅಡಗಿ ಕೂರುವಂಥ ಎಂಥ ಮರೆಗೂಡಾರ ಕೊಳ್ಳಲಿ ಎಂದು ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ. ವಿದೇಶದ ಬಿಲ್ಲುಬೇಟೆಗಾರರಿಗೆಂದು ಮಾಡುವುದನ್ನೇ ಕೊನೆಗೆ ತೆಗೆದುಕೊಂಡೆ. ಬೇಟೆಯ ಮಾತೇ ಇಲ್ಲ. ಬೇಟೆ ನಿಷೇಧಿಸುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೊತ್ತಿದೆ. ನಮ್ಮ ಮನೆಯ ಕೋವಿ ಹೊರಬರುವುದು ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಪೂಜೆಗೆ ಮಾತ್ರ.

ಬಿಲ್ಲು ಎಳೆಯಲು ಎತ್ತರವೂ ಅಗಲವೂ ಬೇಕಲ್ಲ, ಹಾಗಾಗಿ ಟ್ರೈಪಾಡ್, ಕುರ್ಚಿ, ನನ್ನ ಹೊಟ್ಟೆ ಎಲ್ಲಕ್ಕೂ ಒಳಗೆ ಜಾಗ ಸಿಕ್ಕಿತು. ಒಳಗಿರುವವರು ಕತ್ತಲಲ್ಲಿ ಮರೆಯಾಗಲೆಂದು ಒಳಬದಿಯ ಬಟ್ಟೆ ಕಪ್ಪು. ಮೊದಲ ದಿನ ಬಿಳಿ ಅಂಗಿ ತೊಟ್ಟು, ಎಲ್ಲ ಕಿಟಕಿ ತೆರೆದು ಕುಳಿತೆ. ಒಂದು ಹಕ್ಕಿಯೂ ಸುಳಿಯಲಿಲ್ಲ. ಹಿಂದಿನ ಕಿಟಕಿ ತೆರೆದರೆ ಬೆಳಕಿಗೆ ನಮ್ಮ ಆಕೃತಿ ಎದ್ದು ಕಾಣುತ್ತದೆ ಎಂದು ನಿಮ್ಮಲ್ಲೊಬ್ಬರು ಹೇಳಿದ್ದು ಆಮೇಲೆ ನೆನಪಾಯಿತು. ಹಕ್ಕಿಗಳಿಗೆ ಅಭ್ಯಾಸವಾಗಲೆಂದು ಗೂಡಾರವನ್ನು ವಾರವಿಡೀ ತೊರೆಯ ಬದಿಯಲ್ಲೇ ಬಿಟ್ಟೆ. ಎಂಟನೆಯ ಬೆಳಿಗ್ಗೆ ಕಪ್ಪು ಅಂಗಿಯಲ್ಲಿ, ಮುಂದಿನ ಒಂದೇ ಕಿಂಡಿ ತೆರೆದು ಕುಳಿತಿದ್ದಾಗ ಸಿಳ್ಳಾರ ಹಕ್ಕಿ ಹತ್ತಡಿ ದೂರದ ಒದ್ದೆ ಕಲ್ಲಿನ ಮೇಲೆ ಬಂದು ಕುಳಿತಿತು. ಹಣೆಯ ಹೊಳೆಯುವ ನೀಲಿ ಪಟ್ಟಿಯೂ ಫೋಟೋದಲ್ಲಿ ಸಿಕ್ಕಿದೆ.

ಈ ಗೂಡಾರಕ್ಕೆ ತಳವಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಎದ್ದು ನೋಡಿದರೆ ಎಡಗಾಲಿನಲ್ಲಿ ಐದು ಇಂಬಳ (ನೆಲದ ಜಿಗಣೆ)! ಅವನ್ನು ದೂರವಿಡಲು ಹೊಗೆಸೊಪ್ಪಿನ ಪುಡಿ ತಂದಿಟ್ಟಿದ್ದೇನೆ.