ಬೇರಿಂಗ್ ಅಂಗಡಿಯಲ್ಲಿ ಬೆಬ್ಬೆಬ್ಬೆ ಅನ್ನದಿರಲು ಏನೇನು ಹೆಸರು ಗೊತ್ತಿರಬೇಕು?

ಕೇಳಿದವರು (ತಿಪಟೂರು ಕಡೆ, ಹಿಟ್ಟಿನ ಗಿರಣಿ):
ಗಿರಣಿಯನ್ನು ಇಷ್ಟು ದಿನ ಅಪ್ಪ ನೋಡಿಕೊಳ್ಳುತ್ತಿದ್ದರು. ಆರು ತಿಂಗಳಿಂದ ನನ್ನ ಕೈಗೆ ಬಂದಿದೆ. ಹೋದ ವಾರ ಮೋಟರ್ ಗೊರಗೊರ ಅನ್ನಲು ಶುರು ಮಾಡಿತು. ಬಿಚ್ಚಿದರೆ ಬೇರಿಂಗ್ ಹೋಗಿತ್ತು. ಅದರ ಮೇಲಿನ ನಂಬರ್ ಅಳಿಸಿಹೋಗಿತ್ತು. ಶಾಫ್ಟ್ 40 ಮಿಲಿಮೀಟರ್ ಎಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದೆ. 'ಯಾವ ಸೀರೀಸ್? ಜೆಡ್‌ಜೆಡ್ ಕೊಡಲಾ, ಆರ್‌ಎಸ್ ಕೊಡಲಾ? ಸಿ3 ಬೇಕಾ?' ಎಂದರು. ನಾನು ಬೆಬ್ಬೆಬ್ಬೆ. ಕೊನೆಗೆ 6208 ತಂದೆ. ಶಾಫ್ಟಿಗೆ ಸರಿ ಹೋಗುತ್ತದೆ, ಆದರೆ ಮೋಟರ್ ಕವರಿನಲ್ಲಿ ಸುತ್ತಲೂ 5 ಮಿಲಿಮೀಟರ್ ಸಂದು! ಗಿರಣಿ ಶಾಫ್ಟಿನ ಕೆಳಗೆ ಬೇರೆ ಥರದ ಬ್ಲಾಕ್‌ಗಳೂ ಇವೆ, ಅವುಗಳ ಹೆಸರೂ ಗೊತ್ತಿಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಮೋಟರ್ ರಿವೈಂಡಿಂಗ್, ದಾವಣಗೆರೆ:
ನಿಮಗೆ ಬೇಕಿದ್ದದ್ದು 6308 ಇರಬೇಕು. ಎರಡರದ್ದೂ ಒಳಗಿನ ಅಳತೆ 40. ಆದರೆ 6208ರ ಹೊರಗಿನ ಅಳತೆ 80, ದಪ್ಪ 18. 6308ರದ್ದು 90, ದಪ್ಪ 23. ನಿಮ್ಮ 5 ಮಿಲಿಮೀಟರ್ ಸಂದಿನ ಲೆಕ್ಕ ಅಲ್ಲಿಗೆ ಸರಿ ಹೋಯಿತು ನೋಡಿ.

ನಂಬರ್ ಓದುವುದು ಕಷ್ಟವಲ್ಲ. ಮೊದಲಿನ 6 ಎಂದರೆ ಒಂದು ಸಾಲು ಗೋಲಿಯ ಮಾಮೂಲಿ ಬಾಲ್ ಬೇರಿಂಗ್. ಎರಡನೆಯದು ಸೀರೀಸ್. 2 ಎಂದರೆ ಹಗುರ, 3 ಎಂದರೆ ಅದಕ್ಕಿಂತ ದಪ್ಪ, ಹೆಚ್ಚು ಭಾರ ಹೊರುವಂಥದ್ದು. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಶಾಫ್ಟ್ ಅಳತೆ. 08 ಅಂದರೆ 40. ಈ ಲೆಕ್ಕ 04ರಿಂದ ಮೇಲಕ್ಕೆ ಮಾತ್ರ. ಅದಕ್ಕಿಂತ ಕೆಳಗೆ 00, 01, 02, 03 ಕ್ರಮವಾಗಿ 10, 12, 15, 17. ಇವನ್ನು ಬಾಯಿಪಾಠ ಮಾಡಿಕೊಳ್ಳಿ. ನಂಬರ್ ಅಳಿಸಿದ್ದರೆ ವರ್ನಿಯರ್ ಕ್ಯಾಲಿಪರ್ ಎಂಬ ಅಳತೆ ಸಾಧನದಲ್ಲಿ ಒಳಗು, ಹೊರಗು, ದಪ್ಪ ಮೂರನ್ನೂ ಅಳೆದುಕೊಂಡು ಹೋಗಿ. ಒಂದೇ ಅಳತೆ ಹಿಡಿದು ಹೋದರೆ ಹೀಗೇ ಆಗುವುದು.

ಜೆಡ್ ಎಂದರೆ ಒಂದು ಪಕ್ಕ ತಗಡಿನ ಮುಚ್ಚಳ, ಜೆಡ್‌ಜೆಡ್ ಎಂದರೆ ಎರಡೂ ಪಕ್ಕ. ಕೆಲವು ಕಂಪನಿಯವರು ಇದನ್ನೇ 2ಜೆಡ್ ಎಂದು ಬರೆಯುತ್ತಾರೆ. ಆರ್‌ಎಸ್ ಎಂದರೆ ರಬ್ಬರ್ ಸೀಲ್. ತಗಡಿಗೂ ಒಳಗಿನ ರಿಂಗಿಗೂ ನಡುವೆ ಕೂದಲೆಳೆ ಸಂದು ಇರುತ್ತದೆ. ರಬ್ಬರ್ ಮಾತ್ರ ಅಂಟಿಕೊಂಡೇ ಉಜ್ಜುತ್ತದೆ. ನಿಮ್ಮ ಗಿರಣಿಯಲ್ಲಿ ಹಿಟ್ಟಿನ ಧೂಳು ಜಾಸ್ತಿ ಅಲ್ವಾ, ನಾನಾದರೆ 2ಆರ್‌ಎಸ್, ಅಂದರೆ ಎರಡೂ ಪಕ್ಕ ರಬ್ಬರ್ ಇರುವುದನ್ನು ಹಾಕುತ್ತೇನೆ.

ಬೇರಿಂಗ್ ಅಂಗಡಿ, ಹುಬ್ಬಳ್ಳಿ:
ಸಿ3 ಬಗ್ಗೆ ನಾನೊಂದು ಮಾತು ಹೇಳಿಬಿಡುತ್ತೇನೆ. ದಿನಾ ಯಾರಾದರೂ ಒಬ್ಬರು 'ಒಳ್ಳೇ ಕ್ವಾಲಿಟಿ ಕೊಡಿ ಅಕ್ಕ, ಸಿ3 ಕೊಡಿ' ಎನ್ನುತ್ತಾರೆ. ಸಿ3 ಕ್ವಾಲಿಟಿಯ ಗುರುತು ಅಲ್ಲ. ಗೋಲಿಗೂ ರಿಂಗಿಗೂ ನಡುವಿನ ಸಡಿಲ ಮಾಮೂಲಿಗಿಂತ ಸ್ವಲ್ಪ ಹೆಚ್ಚಿದೆ ಎಂದರ್ಥ. ಮೋಟರ್ ಓಡುವಾಗ ಶಾಫ್ಟ್ ಕಾಯುತ್ತದೆ, ಒಳಗಿನ ರಿಂಗ್ ಹಿಗ್ಗುತ್ತದೆ. ಆಗ ಆ ಸಡಿಲ ಬೇಕಾಗುತ್ತದೆ. ಬಿಸಿ ಆಗದ, ನಿಧಾನಕ್ಕೆ ತಿರುಗುವ ಜಾಗಕ್ಕೆ ಸುಮ್ನೆ ಸಿ3 ಏಕೆ? ಇನ್ನು ಕೆಲವರು ಸಿ3 ಒಯ್ದು, ಕೈಯಲ್ಲಿ ಅಲುಗಾಡಿಸಿ, 'ಹಳೇ ಮಾಲು ಕೊಟ್ಟಿದ್ದೀರಿ' ಎಂದು ವಾಪಸ್ ತರುತ್ತಾರೆ!

ನಿವೃತ್ತ ಫಿಟ್ಟರ್, ಬೆಂಗಳೂರು:
ತಮ್ಮಾ, ನಂಬರ್ ಆಮೇಲೆ. ಮೊದಲು ಬೇರಿಂಗನ್ನು ಕೈಯಲ್ಲಿ ಹಿಡಿದು ನೋಡು. ಹೊರಗಿನದು ಔಟರ್ ರಿಂಗ್, ಒಳಗಿನದು ಇನ್ನರ್ ರಿಂಗ್. ನಾವೆಲ್ಲ ಇವನ್ನು ಔಟರ್ ರೇಸ್, ಇನ್ನರ್ ರೇಸ್ ಎಂದೇ ಕರೆದವರು. ಸರಿಯಾಗಿ ಹೇಳಬೇಕೆಂದರೆ ಗೋಲಿ ಓಡುವ ತೋಡಿಗೆ ಮಾತ್ರ ಆ ಹೆಸರು. ಗೋಲಿಗಳು ಒಂದಕ್ಕೊಂದು ತಾಗದಂತೆ ಹಿಡಿದಿರುವುದು ಕೇಜ್. ಗೋಲಿಯ ಬದಲು ಉರುಳೆ ಇದ್ದರೆ ರೋಲರ್ ಬೇರಿಂಗ್. ಟ್ರಾಕ್ಟರ್ ಚಕ್ರದಲ್ಲಿ ಉರುಳೆಗಳು ಓರೆಯಾಗಿರುತ್ತವೆ, ಅದು ಟೇಪರ್. ಅದರ ಒಳಭಾಗಕ್ಕೆ ಕೋನ್, ಹೊರಗಿನ ಬಳೆಗೆ ಕಪ್ ಎನ್ನುತ್ತಾರೆ.

ಎರಡು ರಿಂಗಿನ ಹೆಸರನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಿನ್ನ ಮೋಟರಿನಲ್ಲಿ ಶಾಫ್ಟ್ ತಿರುಗುತ್ತದೆ. ಹಾಗಾಗಿ ಇನ್ನರ್ ಶಾಫ್ಟಿಗೆ ಬಿಗಿಯಾಗಿ ಕೂರಬೇಕು. ಔಟರ್ ಕವರಿನೊಳಗೆ ಕೈಯಲ್ಲಿ ತಳ್ಳಿದರೆ ಹೋಗುವ ಹಾಗಿರಬೇಕು. ಬಿಗಿ ಇರುವ ರಿಂಗಿಗೇ ಒತ್ತಡ ಕೊಡಬೇಕು. ಶಾಫ್ಟಿಗೆ ಏರಿಸುವಾಗ ಔಟರ್ ಮೇಲೆ ಸುತ್ತಿಗೆ ಹಾಕಿದೆಯೋ, ಆ ಪೆಟ್ಟು ಗೋಲಿ ಮೂಲಕ ಹೋಗಿ ತೋಡಿನಲ್ಲಿ ಕುಳಿ ಬೀಳಿಸುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡುತ್ತದೆ. ಆಮೇಲೆ ಅಂಗಡಿಯವರನ್ನು ಬೈಯುವುದು! ಇನ್ನರ್‌ಗೆ ಮಾತ್ರ ತಾಗುವ ಅಳತೆಯ ಪೈಪ್ ತುಂಡು ಇಟ್ಟು ತಟ್ಟು. ಬಿಚ್ಚುವಾಗಲೂ ಅಷ್ಟೇ, ಬೇರಿಂಗ್ ಎಳೆದು ತೆಗೆಯುವ ಪುಲ್ಲರ್‌ನ ಕಾಲು ಆದಷ್ಟೂ ಇನ್ನರ್ ಹಿಂದೆಯೇ ಕೂರಬೇಕು.

ತೀರಾ ಬಿಗಿ ಇದ್ದರೆ ಕಾಯಿಸಿ ಹಾಕುತ್ತಾರೆ. ಶಾಫ್ಟಿಗಿಂತ 80-90 ಡಿಗ್ರಿ ಹೆಚ್ಚು ಬಿಸಿ ಸಾಕು. 120 ಡಿಗ್ರಿ ದಾಟಬಾರದು. ಗ್ಯಾಸ್ ಕಟರ್ ಬೆಂಕಿ ಹಿಡಿಯಲೇಬಾರದು. ಸೀಲ್ ಇರುವುದನ್ನು ಎಣ್ಣೆಯಲ್ಲಿ ಕಾಯಿಸಬೇಡ, ಒಳಗಿನ ಗ್ರೀಸ್ ಹಾಳು.

ಇನ್ನೊಂದು ಕೆಟ್ಟ ಚಾಳಿ. ಶಾಫ್ಟ್ ಸವೆದು ಇನ್ನರ್ ಸುತ್ತಲು ಶುರುವಾದರೆ ಸೆಂಟರ್ ಪಂಚಿನಿಂದ ಶಾಫ್ಟ್ ತುಂಬ ಚುಕ್ಕೆ ಹೊಡೆದು ಬಿಗಿ ಮಾಡುತ್ತಾರೆ. ನಾನೂ ಹೊಡೆದಿದ್ದೇನೆ, ಸುಳ್ಳು ಏಕೆ ಹೇಳಲಿ. ಆ ಚುಕ್ಕೆಗಳ ತುದಿ ಸವೆಯುವ ತನಕ ಮಾತ್ರ ಅದರ ಆಟ. ವೆಲ್ಡ್ ತುಂಬಿಸಿ ಲೇತಿನಲ್ಲಿ ಅಳತೆಗೆ ತೆಗೆಸು, ಇಲ್ಲವೇ ಶಾಫ್ಟಿಗೆ ತೊಡಿಸುವ ಕೊಳವೆ, ಅಂದರೆ ಸ್ಲೀವ್ ಹಾಕಿಸು.

ರೈಸ್ ಮಿಲ್ ಮೆಂಟೆನೆನ್ಸ್, ಗಂಗಾವತಿ:
ಫಿಟ್ಟರ್ ಸರ್ ಹೇಳಿದ ಸ್ಲೀವ್ ಬೇರೆ, ನಾನು ಹೇಳುವ ಅಡಾಪ್ಟರ್ ಸ್ಲೀವ್ ಬೇರೆ. ಗೊಂದಲ ಬೇಡ. ದೊಡ್ಡ ಶಾಫ್ಟುಗಳಿಗೆ ಬೇರಿಂಗ್ ಕೂರುವ ಮನೆಯಂಥ, ಎರಡು ಹೋಳಿನ ಪ್ಲಮ್ಮರ್ ಬ್ಲಾಕ್ ಇರುತ್ತದೆ. ಒಳಗಿನ ಬೇರಿಂಗಿನ ತೂತು ಓರೆ, 12ಕ್ಕೆ 1ರಷ್ಟು. ನಂಬರ್ ಕೊನೆಗೆ ಕೆ ಎಂದಿರುತ್ತದೆ. ಓರೆ ಮೈಯ, ಸೀಳಿರುವ ಅಡಾಪ್ಟರ್ ಸ್ಲೀವ್ ಶಾಫ್ಟ್ ಮೇಲೆ ಕೂರುತ್ತದೆ, ಅದರ ಮೇಲೆ ಬೇರಿಂಗ್. ಲಾಕ್ ನಟ್ ಬಿಗಿ ಮಾಡುತ್ತ ಹೋದಂತೆ ಸ್ಲೀವ್ ಶಾಫ್ಟನ್ನು ಕಚ್ಚಿ ಹಿಡಿಯುತ್ತದೆ. ಉದಾಹರಣೆಗೆ 22212 ಕೆ ಬೇರಿಂಗಿಗೆ ಎಚ್ 312 ಸ್ಲೀವ್. ಬೇರಿಂಗ್ 60ರದ್ದು, ಶಾಫ್ಟ್ ಮಾತ್ರ 55. ಇಲ್ಲಿ 5ರ ಲೆಕ್ಕ ಹಾಕಿ ಶಾಫ್ಟ್ ಮಾಡಿಸಿದರೆ ಕೆಟ್ಟಿರಿ.

ನಟ್ ಮತ್ತು ಬೇರಿಂಗ್ ನಡುವೆ ಲಾಕ್ ವಾಷರ್ ಇರುತ್ತದೆ, ಸುತ್ತ ಹಲ್ಲುಗಳು. ಬಿಗಿಯಾದ ಮೇಲೆ ಒಂದು ಹಲ್ಲನ್ನು ನಟ್‌ನ ಕಚ್ಚಿನೊಳಗೆ ಬಗ್ಗಿಸಬೇಕು. ಒಮ್ಮೆ ರಾತ್ರಿ ಪಾಳಿಯಲ್ಲಿ ಊಟದ ಅವಸರಕ್ಕೆ ನಾನು ಅದನ್ನು ಬಗ್ಗಿಸದೆ ಮುಚ್ಚಿದೆ. ನಟ್ ಸಡಿಲವಾಗಿ, ಶಾಫ್ಟ್ ಸರಿದು, ಬೆಳಗಾಗುವಷ್ಟರಲ್ಲಿ ಪುಲ್ಲಿ ಗಾರ್ಡಿಗೆ ಉಜ್ಜುತ್ತಿತ್ತು. ಊಟವೂ ಮೈಗೆ ಹತ್ತಲಿಲ್ಲ.

ಗ್ರೀಸನ್ನೂ ತುರುಕಬೇಡಿ. ಬ್ಲಾಕ್ ಒಳಗಿನ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಕಂಠಮಟ್ಟ ತುಂಬಿದರೆ ಅದೇ ಬಿಸಿ ಹಿಡಿಯುತ್ತದೆ.

ಬೇರಿಂಗ್ ಅಂಗಡಿ, ಹುಬ್ಬಳ್ಳಿ:
ಸಣ್ಣ ಗಿರಣಿಯಲ್ಲಿ ಅಷ್ಟು ದೊಡ್ಡದು ಇರಲಿಕ್ಕಿಲ್ಲ. ನಿಮ್ಮದು ಯುಸಿಪಿ ಇರಬೇಕು, ಒಂದೇ ಎರಕದ ಬ್ಲಾಕ್, ಕೆಳಗೆ ಎರಡು ಬೋಲ್ಟ್. ಒರೆಸಿ ನೋಡಿ, ಬ್ಲಾಕ್ ಮೇಲೆ ಪಿ ಎಂದು ಶುರುವಾಗುವ ನಂಬರ್ ಇರುತ್ತದೆ. ಬೇರಿಂಗ್ ಮಾತ್ರ ಬೇಕಿದ್ದರೆ ಯುಸಿ ಎಂದು ಕೇಳಿ. ನಾಲ್ಕು ಬೋಲ್ಟಿನ ಚೌಕದ್ದು ಯುಸಿಎಫ್, ಎರಡು ಬೋಲ್ಟಿನ ಎಲೆಯಾಕಾರದ್ದು ಯುಸಿಎಫ್‌ಎಲ್.

ಕೇಳಿದವರು:
ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಪಿ 208 ಎಂದು ಕಂಡಿತು. ಇನ್ನರ್ ಒಂದು ಕಡೆ ಉದ್ದ ಇದೆ, ಅದರಲ್ಲಿ ಎರಡು ಸಣ್ಣ ತೂತು. ಒಂದರಲ್ಲಿ ತಲೆಯಿಲ್ಲದ ಸ್ಕ್ರೂ ಇದೆ, ಇನ್ನೊಂದು ಖಾಲಿ. ಶಾಫ್ಟ್ ಮೇಲೆ ಸುತ್ತ ಗೀರು ಬಿದ್ದಿದೆ. ನಾಳೆ 6308 2ಆರ್‌ಎಸ್ ಸಿ3 ತರಲು ಹೋಗುತ್ತಿದ್ದೇನೆ, ಅಲ್ಲಿ ಇದಕ್ಕೆ ಏನೆಂದು ಕೇಳಲಿ?

ಬೇರಿಂಗ್ ಅಂಗಡಿ, ಹುಬ್ಬಳ್ಳಿ:
ಗ್ರಬ್ ಸ್ಕ್ರೂ, ಇನ್ನರನ್ನು ಶಾಫ್ಟಿಗೆ ಹಿಡಿದಿಡುವುದು ಅದೇ. ಎರಡೂ ಹೊಸದೇ ತನ್ನಿ, ಜೊತೆಗೆ ಅದಕ್ಕೆ ಹೊಂದುವ ಅಲೆನ್ ಕೀ. ಗೀರು ಬೆರಳಿಗೆ ಸಿಗುವಷ್ಟು ಆಳ ಇದ್ದರೆ ಮೊದಲು ಲೇತಿನವರಿಗೆ ತೋರಿಸಿ.