ಬೇಕಲದಲ್ಲಿ ರಜೆ, ತೆಂಗಿನ ಬುಡದಲ್ಲಿ ಹೆಣ: ಕೊಲೆಗಾರ ಏಳನೇ ಅಧ್ಯಾಯಕ್ಕೇ ಸಿಕ್ಕಿಬೀಳುತ್ತಾನೆ, ಎಂತ ಮಾಡುವುದು?

ಕರಡುಪ್ರತಿ:
ನಗೆ ಬೆರೆತ ಪತ್ತೇದಾರಿ ಕಾದಂಬರಿ, ಸುಮಾರು 60,000 ಪದ. ಮೈಸೂರಿನ ನಿವೃತ್ತ ಲೆಕ್ಕಪರಿಶೋಧಕರು, ಅವರ ಹೆಂಡತಿ, ನಾದಿನಿ, ನಾದಿನಿಯ ಕಾಲೇಜು ಓದುವ ಮಗ, ಈ ನಾಲ್ವರು ಜುಲೈಯಲ್ಲಿ ಐದು ದಿನದ ರಜೆಗೆ ಕಾಸರಗೋಡು ಜಿಲ್ಲೆಯ ಬೇಕಲಕ್ಕೆ ಬರುತ್ತಾರೆ. ಎರಡನೇ ದಿನ ಬೆಳಗ್ಗೆ ರೆಸಾರ್ಟಿನ ಯಜಮಾನ ತೆಂಗಿನ ಬುಡದಲ್ಲಿ ತಲೆ ಒಡೆದು ಸತ್ತು ಬಿದ್ದಿರುತ್ತಾನೆ, ಪಕ್ಕದಲ್ಲಿ ಒಂದು ಕಾಯಿ. ಕಾಯಿ ಬಿದ್ದೇ ಸತ್ತ ಎಂದು ಎಲ್ಲರೂ ನಂಬುತ್ತಾರೆ. ಕೊಂದವ ಮ್ಯಾನೇಜರ್, ಕಾಯಿ ಕಡಿಯುವ ಕತ್ತಿಯ (ಮಚ್ಚಿನ) ಹಿಂಬದಿಯಿಂದ ಹೊಡೆದು.

ತೊಡಕು ಮೂರು. ಕತ್ತಿ ಇಡುವ ಕೋಣೆಯ ಬೀಗದ ಕೈ ಮ್ಯಾನೇಜರನ ಜೇಬಿನಲ್ಲಿ ಎಂಬ ಸಾಲಿನಿಂದ ಆರನೇ ಅಧ್ಯಾಯ ಮುಗಿಯುತ್ತದೆ, ಏಳಕ್ಕೇ ಎಲ್ಲ ಬಯಲು. ಹೆಣ ಸಿಕ್ಕಿದ ಮೇಲೆ ನಗೆ ಸತ್ತುಹೋಗುತ್ತದೆ. ಪೊಲೀಸರಿರುವಾಗ ಈ ನಾಲ್ವರಿಗೆ ಕೆಲಸವೇ ಇಲ್ಲ. ನಾಲ್ಕನೇ ರಾತ್ರಿ ತೆಯ್ಯಂ (ಉತ್ತರ ಕೇರಳದ ದೈವದ ಕುಣಿತ) ನೋಡುವ ದೃಶ್ಯ, ಕೊನೆಯಲ್ಲಿ ಎಲ್ಲರನ್ನೂ ಕೂರಿಸಿ ಇನ್‌ಸ್ಪೆಕ್ಟರ್ ಎದುರು ಮ್ಯಾನೇಜರ್ ತಪ್ಪೊಪ್ಪುವ ದೃಶ್ಯ ಇವೆ.

ಬನ್ನಂಗಾಯಿ:
ಅಧ್ಯಾಯದ ಕೊನೆಯ ಸಾಲಿನಲ್ಲಿ ಇಟ್ಟದ್ದು ಸುಳಿವಲ್ಲ ಮಾರಾಯ್ರೇ, ಡಂಗುರ. ಓದುಗ ಅಲ್ಲಿ ಪುಸ್ತಕ ಮಡಚಿ ಯೋಚಿಸುತ್ತಾನೆ. ಸುಳಿವು ಇರಬೇಕಾದದ್ದು ಪ್ಯಾರಾದ ನಡುವೆ, ಅದರ ಬೆನ್ನಿಗೇ ನಗು ಬರಬೇಕು. ಈ ಕ್ರಮ ತಿರುಗಿಸಬೇಡಿ. ಮೊದಲು ನಗಿಸಿ ಆಮೇಲೆ ಸುಳಿವು ಕೊಟ್ಟರೆ ನಕ್ಕು ಹಗುರಾದ ಓದುಗ ಮುಂದಿನ ವಾಕ್ಯವನ್ನು ಗಮನವಿಟ್ಟೇ ಓದುತ್ತಾನೆ.

ನಿಮ್ಮ ಕಥೆಗೆ ಸುಳಿವು ಊರಿನ ಮಾತಿನಲ್ಲೇ ಉಂಟು. ಬೀಗದ ಕೈ ಬಿಟ್ಟುಬಿಡಿ. ಅಡುಗೆಯವಳು ಹೇಳಲಿ: "ಮೆನೇಜರು ರಾತ್ರಿ ಹತ್ತು ಗಂಟೆಗೆ ಬೊಂಡ ಕಡೀತಾ ಇದ್ರು." ನಮ್ಮ ಕಡೆ ಬೊಂಡ ಅಂದರೆ ಎಳನೀರು, ಮೈಸೂರಿನವರ ಕಿವಿಗೆ ಬೀಳುವುದು ಆಲೂಗಡ್ಡೆ ಬೋಂಡ. ಲೆಕ್ಕಪರಿಶೋಧಕರಿಗೆ ಹೊಟ್ಟೆ ಉರಿಯುತ್ತದೆ, ನಮಗೆ ಒಂಬತ್ತಕ್ಕೇ ಅಡುಗೆಮನೆ ಮುಚ್ಚಿದೆ ಎಂದರಲ್ಲ, ಇವನಿಗೆ ಹತ್ತಕ್ಕೆ ಬಿಸಿ ಬೋಂಡವೇ! ಮಾರನೇ ದಿನ ಬಿಲ್ಲಿನಲ್ಲಿ ಆ ಬೋಂಡವನ್ನು ಹುಡುಕುತ್ತಾರೆ. ಹತ್ತು ಗಂಟೆಗೆ ಮ್ಯಾನೇಜರನ ಕೈಯಲ್ಲಿ ಕತ್ತಿ ಇತ್ತು ಎಂಬುದು ಎಲ್ಲರ ಕಣ್ಣೆದುರೇ ಇದ್ದೂ ಯಾರಿಗೂ ಕಾಣುವುದಿಲ್ಲ.

ಆದರೆ ಇಂಥ ತಮಾಷೆ ಪುಸ್ತಕದಲ್ಲಿ ಒಂದೇ ಇದ್ದರೆ ಎದ್ದು ಕಾಣುತ್ತದೆ. ಅದಕ್ಕೆ ಮುಂಚೆ ಮೂರಾದರೂ ಪೊಳ್ಳು ತಮಾಷೆ ಬೇಕು. ಮಲೆಯಾಳದಲ್ಲಿ ಕೊಲ್ಲಂ ಅಂದರೆ ವರ್ಷ. ತೋಟದವ "ಇವಿಡೆ ವನ್ನಿಟ್ಟ್ ರಂಡು ಕೊಲ್ಲಂ ಆಯಿ" (ಇಲ್ಲಿಗೆ ಬಂದು ಎರಡು ವರ್ಷ ಆಯಿತು) ಅಂದಾಗ ನಾದಿನಿ ಎರಡು ಕೊಲೆ ಎಂದು ಡೈರಿಯಲ್ಲಿ ಬರೆದುಕೊಳ್ಳಲಿ. ಪಟ್ಟಿ ಅಂದರೆ ನಾಯಿ. "ಪಟ್ಟಿ ಎವಿಡೆ?" ಎಂದು ಕಾವಲುಗಾರ ಹುಡುಕುತ್ತಿದ್ದರೆ ಇವರು ಶಂಕಿತರ ಪಟ್ಟಿ ಕಳವಾಯಿತು ಎಂದು ತಿಳಿಯಲಿ. ಬಡಾಯಿಗೆ ಈಗಿನ ಹುಡುಗರ ಮಾತು ತಳ್ಳ್. "ಮೊದಲಾಳಿ ಭಯಂಕರ ತಳ್ಳಾಣ್" ಅಂದರೆ ಯಜಮಾನ ಭಾರೀ ಬಡಾಯಿ. ಇವರು ಯಾರೋ ತಳ್ಳಿದರು ಎಂದುಕೊಂಡು ಇಡೀ ಒಂದು ಅಧ್ಯಾಯ ಕೋಟೆಯ ಬುರುಜು ಅಳೆಯುತ್ತ ಹಾಳು ಮಾಡಬಹುದು. ಮೂರರಲ್ಲೂ ಮೋಸಹೋದ ಓದುಗ ನಾಲ್ಕನೆಯದನ್ನೂ ಪೊಳ್ಳೆಂದೇ ದಾಟುತ್ತಾನೆ.

ನಗೆ ಸಾಯುವುದಕ್ಕೆ ಕಾರಣ, ಹೆಣ ಕಂಡ ಕೂಡಲೇ ಪಾತ್ರಗಳು ಗಂಭೀರವಾಗಿ ಬದಲಾಗುತ್ತವೆ. ಬದಲಾಗಬಾರದು. ಮುಂಗಡ ಕೊಟ್ಟ ಐದು ದಿನದ ಬಾಡಿಗೆ ವಾಪಸು ಸಿಗುವುದಿಲ್ಲ, ಅದಕ್ಕೇ ಇವರು ಊರಿಗೆ ಹೊರಡುವುದಿಲ್ಲ. ಸತ್ತವನನ್ನು ಮಾತ್ರ ತಮಾಷೆ ಮಾಡಬೇಡಿ. ಅವನ ಮನೆಯವರು ಅಳುವ ಒಂದು ಪುಟ ನೇರವಾಗಿಯೇ ಇರಲಿ.

ಪಂಚನಾಮೆ:
ಕಾನೂನಿನ ಕಡೆ ನೋಡುವ. ಕಥೆ 2024ರ ಜುಲೈ 1ರ ನಂತರದ್ದಾದರೆ ಹಳೆಯ ಸೆಕ್ಷನ್‌ಗಳು ಬೇಡ. ಅಸ್ವಾಭಾವಿಕ ಸಾವಿನ ಮಹಜರು ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಕೊಲೆಗೆ ಹಳೆಯ ದಂಡ ಸಂಹಿತೆಯ 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ಮಹಜರಿಗೆ ನೆರೆಕರೆಯ ಕನಿಷ್ಠ ಇಬ್ಬರು ಬೇಕು. ಪ್ರವಾಸಿಗಳು ನೆರೆಕರೆಯವರಲ್ಲವಲ್ಲ, ಹಾಗಾಗಿ ನಿಮ್ಮವರು ಹೆಣದ ಪಕ್ಕ ನಿಂತು ಗಾಯ ನೋಡುವ ದೃಶ್ಯ ತೆಗೆಯಿರಿ. ಬದಲಿಗೆ ಸಹಿ ಹಾಕಿ ಬಂದ ಪಕ್ಕದ ಮನೆಯವರಿಗೆ ಚಾ ಕುಡಿಸಿ ಕೇಳಲಿ. ಸಾಕ್ಷಿಗಳು ಪೊಲೀಸರಿಗೆ ಕೊಡುವ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ, ಆ ಸಾಲು ಅನೇಕ ಕಾದಂಬರಿಗಳಲ್ಲಿ ತಪ್ಪಾಗಿ ಬರುತ್ತದೆ.

ಆಕಸ್ಮಿಕ ಎಂಬ ನಂಬಿಕೆ ಪೋಸ್ಟ್‌ಮಾರ್ಟಂ ಆಗುವವರೆಗೆ ಮಾತ್ರ ಬದುಕುತ್ತದೆ. ಸಂಶಯ ಬಂದರೆ ಹೆಣ ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜಿಗೆ ಹೋಗಬಹುದು. ಕಥೆಗೆ ಒಂದೂವರೆ ದಿನ ಲೆಕ್ಕ ಇಟ್ಟುಕೊಳ್ಳಿ, ನಾಲ್ವರ ಓಡಾಟಕ್ಕೆ ಸಿಗುವ ಅವಧಿ ಅದೇ. ವಿಷ ಬಳಸದೇ ಇದ್ದದ್ದು ಒಳ್ಳೆಯದಾಯಿತು. ಒಳಾಂಗದ ಮಾದರಿ ಕೋಝಿಕ್ಕೋಡಿನ ರಾಸಾಯನಿಕ ಪರೀಕ್ಷಾಲಯಕ್ಕೆ ಹೋಗಿ ವರದಿ ಬರುವಾಗ ಇವರ ರಜೆ ಎಂದೋ ಮುಗಿದಿರುತ್ತದೆ.

ಕೊನೆಯ ದೃಶ್ಯ ನಿಲ್ಲುವುದಿಲ್ಲ. ಪೊಲೀಸರಿಗೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು, ಇದು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 23. ಆದರೆ ಪೊಲೀಸರ ವಶದಲ್ಲಿರುವ ಆರೋಪಿ ಹೇಳಿದ ಮಾತಿನಿಂದ ಒಂದು ವಸ್ತು ಸಿಕ್ಕಿದರೆ ಮಾತಿನ ಅಷ್ಟು ಭಾಗಕ್ಕೆ ಬೆಲೆ ಉಂಟು. ಹಾಗಾಗಿ ಇನ್‌ಸ್ಪೆಕ್ಟರ್ ತಪ್ಪೊಪ್ಪಿಗೆಯನ್ನು ಕಿವಿಗೂ ಹಾಕಿಕೊಳ್ಳದೆ "ಕತ್ತಿ ಎಲ್ಲಿ?" ಎಂದಷ್ಟೇ ಕೇಳಲಿ. ಅರ್ಧ ಗಂಟೆ ಭಾಷಣ ಮಾಡಿದ ಲೆಕ್ಕಪರಿಶೋಧಕರ ಮುಖ ಬಾಡುವುದಕ್ಕೆ ಅಷ್ಟು ಸಾಕು.

ಚಂದ್ರಗಿರಿಬಡಗು:
ಜುಲೈಯಲ್ಲಿ ತೆಯ್ಯಂ ಇಲ್ಲ. ತುಲಾಮಾಸದ ಹತ್ತರಿಂದ, ಅಂದರೆ ಅಕ್ಟೋಬರ್ ಕೊನೆಯಿಂದ, ಮಳೆ ಹಿಡಿಯುವವರೆಗೆ ಅದರ ಕಾಲ. ಕಥೆಯನ್ನು ಡಿಸೆಂಬರಿಗೆ ತನ್ನಿ. ಜುಲೈ ಮಳೆಗೆ ಜಾರುವ ಮರ ಹತ್ತಲು ಜನವೂ ಸಿಕ್ಕುವುದಿಲ್ಲ. ಮತ್ತೆ, ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಮಲೆಯಾಳವೇ ಹೆಚ್ಚು. ಬೇಕಲದ ಅಡುಗೆಯವಳು ಕನ್ನಡ ಮಾತಾಡಬೇಕಾದರೆ ಅವಳನ್ನು ಬದಿಯಡ್ಕದವಳನ್ನಾಗಿಯೋ ಕುಂಬಳೆಯವಳನ್ನಾಗಿಯೋ ಮಾಡಿ.

ಬನ್ನಂಗಾಯಿಯವರು ಹೇಳಿದ ಬೊಂಡ ಇನ್ನೂ ಒಂದು ಕಡೆ ಕೆಲಸಕ್ಕೆ ಬರುತ್ತದೆ. ಹೆಣದ ಪಕ್ಕದ ಕಾಯಿ ಯಾವುದು? ತಾನಾಗಿ ಬೀಳುವುದು ಹನ್ನೆರಡು ತಿಂಗಳು ಬಲಿತು ಸಿಪ್ಪೆ ಕಂದಾದ ಒಣ ಕಾಯಿ. ಏಳು ತಿಂಗಳಿನ ಬೊಂಡ ಸಾಮಾನ್ಯವಾಗಿ ಬೀಳುವುದಿಲ್ಲ, ಇಲಿ ಕೊರೆದರೆ ಬೀಳಬಹುದು, ಆಗ ತೊಟ್ಟಿನ ಹತ್ತಿರ ತೂತು ಕಾಣುತ್ತದೆ. ಮ್ಯಾನೇಜರ್ ಕತ್ತಲೆಯಲ್ಲಿ ಗಡಿಬಿಡಿಯಿಂದ ಇಟ್ಟದ್ದು ಕಡಿಯದೆ ಉಳಿದ ಒಂದು ಬೊಂಡವನ್ನೇ. ಹೊರಗಿನವನಾದ್ದರಿಂದ ಅವನಿಗೆ ವ್ಯತ್ಯಾಸ ಹೊಳೆಯಲಿಲ್ಲ. ಬಲಿತ ಕಾಯಿ ಆ ದಿನ ಮರದಲ್ಲಿ ಇರಲೂ ಬಾರದು. ತೋಟದಲ್ಲಿ ಸುಮಾರು 45 ದಿನಕ್ಕೊಮ್ಮೆ ಕಾಯಿ ತೆಗೆಸುತ್ತಾರೆ, ಮೊದಲ ಅಧ್ಯಾಯದಲ್ಲಿ ಇವರ ಕಾರು ಬರುವಾಗ ದಾರಿಗೆ ಅಡ್ಡವಾಗಿ ಕಾಯಿ ರಾಶಿ ಬಿದ್ದಿರಲಿ, ಕಾರಿನವನೊಂದಿಗೆ ಜಗಳವೂ ಆಗಲಿ.

ಕರಡುಪ್ರತಿ:
ಉಪಕಾರ ಆಯಿತು. ಒಂದು ಸಂಶಯ. ನಮ್ಮ ಕಡೆಯ ಓದುಗರಿಗೆ ಬೊಂಡ ಎಂದರೆ ಎಳನೀರು ಎಂದು ಗೊತ್ತಲ್ಲ, ಅವರಿಗೆ ಕೂಡಲೇ ಹೊಳೆಯುವುದಿಲ್ಲವೇ?

ಬನ್ನಂಗಾಯಿ:
ಬೊಂಡ ಗೊತ್ತಾಗುತ್ತದೆ, ಕತ್ತಿ ಗೊತ್ತಾಗುವುದಿಲ್ಲ. ಘಟ್ಟದ ಮೇಲಿನವರ ಅಜ್ಞಾನಕ್ಕೆ ನಗುವುದರಲ್ಲೇ ನಮ್ಮವರು ಮಗ್ನರಾಗಿರುತ್ತಾರೆ. ಮೈಸೂರಿನ ಓದುಗನಿಗೆ ಮಾತ್ರ ಅನ್ಯಾಯ ಆಗಬಾರದು, ಅರ್ಥವನ್ನು ಕೊನೆಯ ಅಧ್ಯಾಯದವರೆಗೆ ಬಚ್ಚಿಟ್ಟರೆ ಅದು ಮೋಸ. ಅಡುಗೆಯವಳ ಮಾತು ಐದನೇ ಅಧ್ಯಾಯದಲ್ಲಿದ್ದರೆ ಏಳರಲ್ಲಿ ನಾದಿನಿಯ ಮಗ ಹೋಟೆಲಿನಲ್ಲಿ ಎರಡು ಬೊಂಡ ಕೇಳಲಿ, ಜೊತೆಗೆ ಚಟ್ನಿಯನ್ನೂ ಕೇಳಲಿ. ಹೋಟೆಲಿನವ ಎರಡು ಎಳನೀರು ಕೆತ್ತಿ ಮೇಜಿನ ಮೇಲಿಟ್ಟು, ಚಟ್ನಿ ಯಾಕೆ ಎಂದು ಗೊತ್ತಾಗದಿದ್ದರೂ ಒಂದು ಸೌಟು ತಂದು ಬಡಿಸಲಿ.